ಕೆಲಸಕ್ಕೆ ಹೋಗುವುದು, ಕೆಲಸದ ಮೇಲೆ ಹೋಗುವುದು



ನಿಮ್ಮಲ್ಲಿ ಅನೇಕರು ಇನ್ನು ಎರಡು-ಮೂರು ವರ್ಷಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಕೆಲವರು ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಗೆ, ಕೆಲವರು ಎಂಜಿನಿಯರಿಂಗ್ ಮುಗಿಸಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಗೆ, ಇನ್ನು ಕೆಲವರು ಬಿ.ಕಾಂ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಲೆಕ್ಕಪತ್ರ ವಿಭಾಗಕ್ಕೆ. ಸೇರಿದ ಕೆಲವೇ ವಾರಗಳಲ್ಲಿ ಒಂದು ಸಣ್ಣ ಪ್ರಶ್ನೆ ನಿಮ್ಮೆದುರು ಬಂದು ನಿಲ್ಲುತ್ತದೆ. ಮೇಲ್ವಿಚಾರಕರು ಕರೆದು, "ನಾಳೆ ಒಂದು ದಿನ ಬೊಮ್ಮಸಂದ್ರಕ್ಕೆ ಹೋಗಿ ಈ ಸ್ಯಾಂಪಲ್ ಕೊಟ್ಟು ಬಾಪ್ಪ" ಎನ್ನುತ್ತಾರೆ. ನೀವು ಹೋಗಿ ಬರುತ್ತೀರಿ. ಜೇಬಿನಿಂದ ಒಂದಿಷ್ಟು ಹಣ ಖರ್ಚಾಗಿರುತ್ತದೆ. ಆ ಹಣವನ್ನು ಕೇಳಬೇಕೆ, ಬಿಡಬೇಕೆ?

ತಿಂಗಳು ತಿಂಗಳು ಬರುವ ಖರ್ಚಾದರೆ ಈ ಗೊಂದಲ ಇರುವುದಿಲ್ಲ. ಅದಕ್ಕೆ ನಿಯಮವಿರುತ್ತದೆ, ನಮೂನೆ ಇರುತ್ತದೆ. ಒಂದೇ ಒಂದು ಸಲ ಬಂದ ಖರ್ಚು ಮಾತ್ರ ನಮ್ಮನ್ನು ಸಂಕೋಚಕ್ಕೆ ಸಿಕ್ಕಿಸುತ್ತದೆ. "ಇಷ್ಟಕ್ಕೆಲ್ಲ ಕೇಳುವುದೇ?" ಎನಿಸುತ್ತದೆ. ಇಂದಿನ ಮಾತು ಈ ಸಂಕೋಚವನ್ನು ಕುರಿತದ್ದು.

ಎರಡು ವಿಭಕ್ತಿಗಳ ವ್ಯತ್ಯಾಸ

ನಮ್ಮ ಭಾಷೆಯಲ್ಲಿಯೇ ಇದಕ್ಕೊಂದು ಒಳ್ಳೆಯ ಸುಳಿವಿದೆ. "ಅವನು ಕೆಲಸಕ್ಕೆ ಹೋದ" ಎನ್ನುತ್ತೇವೆ. "ಅವನು ಕೆಲಸದ ಮೇಲೆ ಹೋದ" ಎಂದೂ ಎನ್ನುತ್ತೇವೆ. ಎರಡೂ ಒಂದೇ ಅಲ್ಲ. ಮನೆಯಿಂದ ಹೊರಟು ಕಾರ್ಖಾನೆ ಸೇರುವುದು ಕೆಲಸಕ್ಕೆ ಹೋಗುವುದು. ಎಲ್ಲಿ ಮನೆ ಮಾಡಬೇಕು, ಬಸ್ಸೋ ಬೈಕೋ ಎಂಬುದು ನಮ್ಮ ಆಯ್ಕೆ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಅದರ ಖರ್ಚೂ ನಮ್ಮದೇ. ಕೆಲಸದ ಮೇಲೆ ಹೋಗುವುದು ಎಂದರೆ ಬೇರೊಬ್ಬರ ಅಗತ್ಯಕ್ಕೆ, ಅವರ ಆದೇಶದಂತೆ ಹೋಗುವುದು. ಆ ಪ್ರಯಾಣವನ್ನು ಹುಟ್ಟಿಸಿದ್ದು ನಮ್ಮ ಬದುಕಲ್ಲ, ಸಂಸ್ಥೆಯ ಕೆಲಸ. ಹೀಗಾಗಿ ಖರ್ಚೂ ಆ ಕೆಲಸದ್ದೇ. ಸಂದೇಹ ಬಂದಾಗ ಈ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಯಾವುದು ಹೊಂದುತ್ತದೆ ಎಂದು ನೋಡಿ.

ಈಗ ಒಂದು ಲೆಕ್ಕ ಮಾಡೋಣ. ಐ.ಟಿ.ಐ. ಮುಗಿಸಿದ ಹುಡುಗನೊಬ್ಬ ಪೀಣ್ಯದಲ್ಲಿ ಅಪ್ರೆಂಟಿಸ್ ಆಗಿದ್ದಾನೆ ಎಂದಿಟ್ಟುಕೊಳ್ಳಿ. ಮನೆ ಹತ್ತಿರದಲ್ಲೇ ಇದೆ, ದಿನವೂ ನಡೆದುಕೊಂಡೇ ಹೋಗುತ್ತಾನೆ. ಅಪ್ರೆಂಟಿಸ್‌ಷಿಪ್ ನಿಯಮಗಳಿಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಐ.ಟಿ.ಐ. ಪ್ರಮಾಣಪತ್ರವಿರುವವರಿಗೆ ಗೊತ್ತುಪಡಿಸಿದ ಕನಿಷ್ಠ ಮಾಸಿಕ ಸ್ಟೈಪೆಂಡ್ 7,000 ರೂಪಾಯಿ. ಅವನಿಗೆ ಅಷ್ಟೇ ಸಿಗುತ್ತಿದೆ ಎನ್ನೋಣ. 26 ಕೆಲಸದ ದಿನಗಳಿಗೆ ಭಾಗಿಸಿದರೆ ದಿನಕ್ಕೆ ಸುಮಾರು 269 ರೂಪಾಯಿ.

ಅವನನ್ನು ಒಂದು ದಿನ ಬೊಮ್ಮಸಂದ್ರಕ್ಕೆ ಕಳುಹಿಸುತ್ತಾರೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಪೀಣ್ಯದಿಂದ ಆರ್.ವಿ. ರಸ್ತೆಗೆ, ಅಲ್ಲಿ ಬದಲಾಯಿಸಿ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರಕ್ಕೆ. 19 ಕಿಲೋಮೀಟರಿನ ಈ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ದರದಂತೆ ಈ ದೂರಕ್ಕೆ ಗರಿಷ್ಠ ದರವಾದ 90 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶೇಕಡಾ 5 ರಿಯಾಯಿತಿ ಕಳೆದರೆ 85 ರೂಪಾಯಿ 50 ಪೈಸೆ. ಹೋಗಿ ಬರಲು 171 ರೂಪಾಯಿ. ನಿಲ್ದಾಣದಿಂದ ಕಾರ್ಖಾನೆಗೆ ಆಟೊ, ಒಂದು ಸಲಕ್ಕೆ 50 ರೂಪಾಯಿ ಎಂದು ಹಿಡಿದರೆ ಇನ್ನೂ 100. ಒಟ್ಟು 271.

ಗಮನಿಸಿದಿರಾ? ಆ ದಿನ ಅವನಿಗೆ ಸಿಕ್ಕಿದ್ದು 269, ಅವನು ಖರ್ಚು ಮಾಡಿದ್ದು 271. ಬೆಳಗಿನಿಂದ ಸಂಜೆಯವರೆಗೆ ದುಡಿದು, ಮೇಲೆ ಎರಡು ರೂಪಾಯಿಯನ್ನು ತಾನೇ ಕೊಟ್ಟು ಬಂದಂತಾಯಿತು. ಇದೇ 271 ರೂಪಾಯಿ ತಿಂಗಳಿಗೆ 70,000 ಸಂಬಳವಿರುವ ಎಂಜಿನಿಯರಿಗೆ ಒಂದು ದಿನದ ಗಳಿಕೆಯ ಹತ್ತರಲ್ಲೊಂದು ಪಾಲು. ಮೊತ್ತ ಒಂದೇ, ಅದರ ಭಾರ ಒಂದೇ ಅಲ್ಲ. "ಇದೇನು ಮಹಾ" ಎನ್ನುವ ಮೊದಲು, ಆ ಮಾತು ಹೇಳುತ್ತಿರುವವರು ಯಾರು ಎಂದೂ ಕೇಳಿಕೊಳ್ಳಬೇಕು.

ಬಿಟ್ಟುಬಿಡುವುದು ಔದಾರ್ಯವೆ?

"ನನಗೆ ಈ ಹಣ ದೊಡ್ಡದಲ್ಲ, ಬಿಟ್ಟುಬಿಡುತ್ತೇನೆ, ಯಾರಿಗೇನು ನಷ್ಟ?" ಎಂದು ಅನುಕೂಲವಿರುವವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾರ್ಯಕ್ರಮ ನಿರ್ಮಾಣ ನನ್ನ ವೃತ್ತಿಯಾದ್ದರಿಂದ ಆ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಅರ್ಧ ಗಂಟೆಯ ಒಂದು ಕಾರ್ಯಕ್ರಮಕ್ಕೆ ಬಜೆಟ್ ಬರೆಯುವಾಗ ಪ್ರಯಾಣ ಎಂಬುದೊಂದು ಸಾಲು ಇರುತ್ತದೆ. ಮುಂದಿನ ಕಾರ್ಯಕ್ರಮದ ಬಜೆಟ್ ಬರೆಯುವಾಗ ಹಿಂದಿನದರ ಲೆಕ್ಕವನ್ನು ಎದುರಿಗಿಟ್ಟುಕೊಳ್ಳುತ್ತೇವೆ. ಹಿಂದಿನ ಸಲ ಸಹಾಯಕರು ಸಂಕೋಚದಿಂದ ಆಟೊ ಬಾಡಿಗೆ ಕೇಳದೆ ಬಿಟ್ಟಿದ್ದರೆ ಲೆಕ್ಕದಲ್ಲಿ ಆ ಖರ್ಚು ಕಾಣುವುದಿಲ್ಲ. ಕಾಣದ ಖರ್ಚಿಗೆ ಯಾರೂ ಹಣ ಇಡುವುದಿಲ್ಲ. ಮುಂದಿನ ಸಲ ಬರುವ ಸಹಾಯಕ, ಮನೆಯಲ್ಲಿ ಕಷ್ಟವಿರುವ ಹುಡುಗ, ನಿಜವಾಗಿಯೂ ಹಣ ಬೇಕಾದವನು, ಕೇಳಿದರೆ "ಹೋದ ಸಲ ಯಾರೂ ಕೇಳಿರಲಿಲ್ಲವಲ್ಲ!" ಎಂಬ ಉತ್ತರ ಬರುತ್ತದೆ. ಮೊದಲನೆಯವನು ಬಿಟ್ಟ ಹಣವನ್ನು ಎರಡನೆಯವನು ತೆತ್ತಂತಾಯಿತು.

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿದಿದ್ದೀರಿ. ಅದರ ಶೂನ್ಯದೋಷವನ್ನು ಮೊದಲು ಗುರುತಿಸದಿದ್ದರೆ ಆಮೇಲಿನ ಪ್ರತಿಯೊಂದು ಅಳತೆಯೂ ಅಷ್ಟೇ ತಪ್ಪಾಗುತ್ತದೆ. ಕೇಳದೆ ಬಿಟ್ಟ ಖರ್ಚೂ ಸಂಸ್ಥೆಯ ಲೆಕ್ಕದಲ್ಲಿ ಅಂಥದೇ ದೋಷ. ಒಂದು ಸ್ಯಾಂಪಲ್ಲನ್ನು ಬೊಮ್ಮಸಂದ್ರಕ್ಕೆ ಮುಟ್ಟಿಸಲು ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬುದು ಮಾಲೀಕರಿಗೆ ತಿಳಿಯಬೇಕು. ತಿಳಿದರೆ ಕೊರಿಯರ್ ಅಗ್ಗವೋ, ಆಳು ಕಳುಹಿಸುವುದು ಅಗ್ಗವೋ ಎಂದು ಅವರು ನಿರ್ಧರಿಸಬಹುದು. ಹಣ ನಿಮಗೆ ಬೇಡವೆಂದಾದರೆ ಪಡೆದು, ನಿಮಗೆ ಇಷ್ಟ ಬಂದವರಿಗೆ ಕೊಡಿ. ಲೆಕ್ಕದಲ್ಲಿ ಮಾತ್ರ ಬರಲಿ.

ಎಷ್ಟು ಕೇಳಬೇಕು?

ಕೇಳಬೇಕು ಎಂದಾದ ಮೇಲೆ ಎಷ್ಟು ಎಂಬ ಪ್ರಶ್ನೆ. ಇಲ್ಲಿ ಕಟ್ಟುನಿಟ್ಟು ನಮ್ಮ ಕಡೆಗೂ ತಿರುಗುತ್ತದೆ. ಸಂಸ್ಥೆಯಲ್ಲಿ ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಇಷ್ಟು ಎಂಬ ನಿಯಮವಿದ್ದರೆ ಅದೇ ನಡೆಯಬೇಕು. ನಿಯಮವಿಲ್ಲದಿದ್ದರೆ ಒಂದೇ ಸೂತ್ರ: ಆ ಕೆಲಸ ಇರದಿದ್ದರೆ ಆಗದೇ ಇರುತ್ತಿದ್ದ ಖರ್ಚು ಎಷ್ಟೋ, ಅಷ್ಟು. ಕೆಲವು ಉದಾಹರಣೆಗಳನ್ನು ನೋಡೋಣ.

ನಿಮ್ಮ ಹತ್ತಿರ ಬಿ.ಎಂ.ಟಿ.ಸಿ.ಯ ಮಾಸಿಕ ಪಾಸ್ ಇದೆ. ಅದೇ ಪಾಸಿನಲ್ಲಿ ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗಿ ಬಂದಿರಿ. ಹೆಚ್ಚುವರಿ ಖರ್ಚು ಸೊನ್ನೆ. ಟಿಕೆಟ್ ದರ ಕೇಳುವುದು ಸರಿಯಲ್ಲ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ವೈಟ್‌ಫೀಲ್ಡಿನ ಉದ್ಯೋಗಿಯೊಬ್ಬಳು ಶೂನ್ಯ ಟಿಕೆಟ್ ಪಡೆದು ಪೀಣ್ಯಕ್ಕೆ ಹೋದರೆ ಅವಳೂ ಬಸ್ ಹಣ ಕೇಳುವಂತಿಲ್ಲ. ಅವಳು ಕೊಟ್ಟೇ ಇಲ್ಲ. ಹಾಗೆಂದು "ನಿನಗೆ ಬಸ್ ಉಚಿತವಲ್ಲವೆ, ಅದರಲ್ಲೇ ಹೋಗು" ಎಂದು ಅವಳನ್ನೇ ಪ್ರತಿ ಸಲವೂ ಓಡಾಡಿಸುವುದು ನ್ಯಾಯವಲ್ಲ. ಸಮಯಕ್ಕೆ ತಲುಪಲು ಮೆಟ್ರೊ ಬೇಕಾದರೆ ಮೆಟ್ರೊ ದರ ಕೇಳುವ ಹಕ್ಕು ಅವಳಿಗೂ ಎಲ್ಲರಷ್ಟೇ ಇದೆ.

ಇಬ್ಬರು ಒಂದೇ ಆಟೊದಲ್ಲಿ ಹೋದರೆ ಬಾಡಿಗೆ ಒಂದೇ. ಕೊಟ್ಟವರೊಬ್ಬರೇ ಕೇಳಬೇಕು.

ಸ್ವಂತ ಬೈಕಿನಲ್ಲಿ 60 ಕಿಲೋಮೀಟರ್ ಹೋಗಿ ಬಂದಿರಿ. ಬೈಕು ಲೀಟರಿಗೆ 45 ಕಿಲೋಮೀಟರ್ ಓಡುತ್ತದೆ, ಪೆಟ್ರೋಲು ಲೀಟರಿಗೆ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಪೆಟ್ರೋಲಿಗೆ 133 ರೂಪಾಯಿ. ಆದರೆ ಬೈಕು ಪೆಟ್ರೋಲು ಒಂದನ್ನೇ ತಿನ್ನುವುದಿಲ್ಲ. ಟೈರು ಸವೆಯುತ್ತದೆ, ಎಂಜಿನ್ ಆಯಿಲ್ ಬದಲಾಯಿಸಬೇಕು, ಚೈನು, ಬ್ರೇಕು, ವಿಮೆ ಎಲ್ಲವೂ ಇದೆ. ಕಿಲೋಮೀಟರಿಗೆ ಇಷ್ಟೆಂದು ಕೊಡುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಹೊರಡುವ ಮೊದಲೇ ದರ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. 271ನ್ನು 300 ಮಾಡುವ ಆಸೆ ಬರಬಹುದು. "ಎಲ್ಲರೂ ಹಾಗೇ ಬರೆಯುತ್ತಾರೆ" ಎಂದು ಪಕ್ಕದವರು ಹೇಳಲೂಬಹುದು. ಬೇಡ. ನಿಮ್ಮ ಕೇಳಿಕೆಯ ಬಲವೆಲ್ಲ ಅದು ನಿಜವೆಂಬುದರಲ್ಲಿದೆ. 29 ರೂಪಾಯಿಗೆ ಆ ಬಲವನ್ನು ಮಾರಿಕೊಂಡರೆ ಮುಂದೆ ನಿಜವಾದ 3,000 ರೂಪಾಯಿಯ ಬಿಲ್ಲನ್ನೂ ಅನುಮಾನದಿಂದ ನೋಡುತ್ತಾರೆ.

ಇದು ಹೊಸ ವಿಚಾರವೇನಲ್ಲ

ಪ್ರಯಾಣದ ಹಣ ಕೇಳುವುದು ಕೈಚಾಚುವುದಲ್ಲ. ರಾಜ್ಯಭಾರದಷ್ಟೇ ಹಳೆಯ ಪದ್ಧತಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೌಕರರ ವೇತನದ ಒಂದು ಅಧ್ಯಾಯವಿದೆ. ಮಧ್ಯಮ ದರ್ಜೆಯ ದೂತನಿಗೆ ಯೋಜನಕ್ಕೆ 10 ಪಣ, ಹತ್ತು ಯೋಜನ ದಾಟಿದರೆ ನೂರು ಯೋಜನದವರೆಗೆ ಅದರ ಎರಡರಷ್ಟು ಎಂದು ಅಲ್ಲಿ ದೂರದ ಲೆಕ್ಕದಲ್ಲೇ ಹಣ ಗೊತ್ತುಮಾಡಲಾಗಿದೆ. ದೂರ ಹೆಚ್ಚಿದಷ್ಟೂ ಕಷ್ಟ ಹೆಚ್ಚು ಎಂಬ ತಿಳಿವಳಿಕೆ ಆಗಲೇ ಇತ್ತು.

ಇಂದಿನ ಸರ್ಕಾರಿ ಕಚೇರಿಗಳಲ್ಲಿ "ಟಿ.ಎ. ಬಿಲ್ಲು" ಎಂಬ ಮಾತು ಕೇಳದವರಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ದಿನಭತ್ಯೆ ಸಿಗಬೇಕಾದರೆ ಕೆಲಸದ ಸ್ಥಳದಿಂದ 8 ಕಿಲೋಮೀಟರಿನ ಆಚೆಗೆ ಹೋಗಿರಬೇಕು. ಪ್ರವಾಸದ ಬಿಲ್ಲನ್ನು ಸಲ್ಲಿಸಲು ಮೊದಲು ಒಂದು ವರ್ಷದ ಅವಕಾಶವಿತ್ತು. 2018ರಲ್ಲಿ ಅದನ್ನು 60 ದಿನಕ್ಕೆ ಇಳಿಸಿದರು. ಖಾಸಗಿ ಸಂಸ್ಥೆಗಳಲ್ಲಿಯೂ ಇಂಥ ಗಡುವು ಇರುತ್ತದೆ. ಸಂಕೋಚಪಟ್ಟು ಮುಂದೂಡಿದವರ ಹಣ ಗಡುವಿನ ಆಚೆ ಬೀಳುತ್ತದೆ.

ಚೀಟಿ ಕಾಪಾಡುವುದು ಹಣವನ್ನಷ್ಟೇ ಅಲ್ಲ

ದಾರಿಯಲ್ಲಿ ಅಪಘಾತವಾದರೆ? ಕೆಲಸದಿಂದ ಉಂಟಾದ, ಕೆಲಸದ ಅವಧಿಯಲ್ಲಿ ಆದ ಅಪಘಾತಕ್ಕೆ ಪರಿಹಾರವುಂಟು. ಆದರೆ ದಾರಿ ಕೆಲಸದ ಭಾಗವೆ ಎಂಬುದರ ಮೇಲೆ ನಮ್ಮ ನ್ಯಾಯಾಲಯಗಳಲ್ಲಿ ದೀರ್ಘ ವಾದ ನಡೆದಿದೆ. 1971ರಲ್ಲಿ ಕಾರ್ಖಾನೆಯ ಕಾರ್ಮಿಕರೊಬ್ಬರು ಸೈಕಲ್ಲಿನಲ್ಲಿ ಪಾಳಿಗೆ ಹೋಗುತ್ತಿದ್ದಾಗ, ಕಾರ್ಖಾನೆ ಇನ್ನು ಒಂದು ಕಿಲೋಮೀಟರ್ ಇರುವಾಗ, ಪಾಳಿಗೆ ಇನ್ನು ಕಾಲು ಗಂಟೆ ಇರುವಾಗ ಲಾರಿ ಡಿಕ್ಕಿ ಹೊಡೆಯಿತು. ಇದು ಕೆಲಸದ ಅವಧಿಯ ಅಪಘಾತವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪು ಕೊಟ್ಟಿತು. ಅನಂತರ 2010ರಲ್ಲಿ ಇ.ಎಸ್.ಐ. ಕಾಯಿದೆಗೆ ಹೊಸ ಕಲಮೊಂದು ಸೇರಿತು: ಕೆಲಸಕ್ಕೆ ಹೋಗುವ, ಕೆಲಸ ಮುಗಿಸಿ ಬರುವ ದಾರಿಯ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ಕಂಡುಬಂದರೆ ಅದೂ ಕೆಲಸದ ಅಪಘಾತವೇ. 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ, ನಸುಕಿನಲ್ಲಿ ಪಾಳಿಗೆ ಹೊರಟು ದಾರಿಯಲ್ಲಿ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರರ ಪ್ರಕರಣದಲ್ಲಿ, ನೌಕರರ ಪರಿಹಾರ ಕಾಯಿದೆಯನ್ನೂ ಹೀಗೆಯೇ ಅರ್ಥೈಸಬೇಕೆಂದಿತು.

ಅಲ್ಲೆಲ್ಲ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಈ ವ್ಯಕ್ತಿ ಏಕೆ ಇದ್ದ? ದಿನನಿತ್ಯದ ದಾರಿಯಾದರೆ ಹೇಳಲು ಅಕ್ಕಪಕ್ಕದವರಿದ್ದಾರೆ. ಒಂದೇ ಒಂದು ಸಲ ಹೋದ ಅಪರಿಚಿತ ದಾರಿಯಾದರೆ? "ಯಾರು ಕಳುಹಿಸಿದರು, ಯಾವ ಕೆಲಸಕ್ಕೆ" ಎಂಬ ಎರಡು ಸಾಲಿನ ಬರಹವೇ ಸಾಕ್ಷಿ. ಅದಕ್ಕಾಗಿ ಬರಹ ಹೋಗಿಬಂದ ಮೇಲಲ್ಲ, ಹೊರಡುವ ಮೊದಲೇ ಇರಬೇಕು. ಫೋನಿನಲ್ಲಿ ಕಳುಹಿಸಿದ ಒಂದು ಸಂದೇಶವಾದರೂ ಸಾಕು.

ಎಲ್ಲಕ್ಕಿಂತ ದೊಡ್ಡ ಪ್ರಯಾಣ

ಇದುವರೆಗೆ ಒಂದು ದಿನದ ಪ್ರಯಾಣದ ಮಾತಾಯಿತು. ನಮ್ಮ ಈ ಕೈಗಾರಿಕಾ ವಲಯಗಳಲ್ಲಿ ಸಾವಿರಾರು ಜನರಿಗೆ ಇದಕ್ಕಿಂತ ದೊಡ್ಡ ಪ್ರಯಾಣವೊಂದಿದೆ. ಬಿಹಾರ, ಒಡಿಶಾ, ಅಸ್ಸಾಮುಗಳಿಂದ ಬರುವುದು ಮತ್ತು ಊರಿಗೆ ಹಿಂತಿರುಗುವುದು. ಅದರ ಹಣ ಯಾರದು?

1979ರಷ್ಟು ಹಿಂದೆಯೇ ಸಂಸತ್ತು ಇದಕ್ಕೆ ಉತ್ತರ ಬರೆದಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ 15ನೆಯ ಕಲಮಿನಂತೆ, ಗುತ್ತಿಗೆದಾರ ಕರೆತಂದ ಕಾರ್ಮಿಕನಿಗೆ ಊರಿನಿಂದ ಕೆಲಸದ ಸ್ಥಳಕ್ಕೆ ಬರುವ ಮತ್ತು ಹಿಂತಿರುಗುವ ಪ್ರಯಾಣದರವನ್ನು ಗುತ್ತಿಗೆದಾರನೇ ಕೊಡಬೇಕಿತ್ತು. ರೈಲಿನಲ್ಲಿ ಕಳೆದ ದಿನಗಳಿಗೂ, ಕೆಲಸದಲ್ಲಿ ಇದ್ದಂತೆಯೇ ಭಾವಿಸಿ, ಕೂಲಿ ಕೊಡಬೇಕಿತ್ತು. ಗುತ್ತಿಗೆದಾರ ತಪ್ಪಿದರೆ ಮೂಲ ಮಾಲೀಕ ಹೊಣೆ. ಎಷ್ಟು ಉದಾರವಾದ ಕಾನೂನು, ನೋಡಿ! ಆದರೆ ಕಾರ್ಮಿಕರ ಹೆಸರು ಪುಸ್ತಕದಲ್ಲಿ ಇರಬೇಕು, ಲೆಕ್ಕ ಬರೆಯಬೇಕು, ಯಾರಾದರೂ ಕೇಳಬೇಕು. ಬಹುಮಟ್ಟಿಗೆ ಇವು ಯಾವುವೂ ನಡೆಯಲಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಆ ಕೊರತೆ ಬೀದಿಗೆ ಬಂತು. ಮೇ ತಿಂಗಳಲ್ಲಿ ಶ್ರಮಿಕ ವಿಶೇಷ ರೈಲುಗಳು ಹೊರಟವು. ಪೀಣ್ಯ ದಾಟಿದರೆ ಸಿಗುವ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ಬೇರೆ ದಿನಗಳಲ್ಲಿ ಯಂತ್ರೋಪಕರಣಗಳ ಮೇಳ ನಡೆಯುವ ಜಾಗದಲ್ಲಿ, ಊರಿಗೆ ಹೋಗಬೇಕಾದ ಕಾರ್ಮಿಕರು ತಂಗಿದ್ದರು. ಚಿಕ್ಕಬಾಣಾವರ, ಮಾಲೂರು ನಿಲ್ದಾಣಗಳಿಂದ ರೈಲು ಹತ್ತಿದರು. ಕೂಲಿ ನಿಂತು ತಿಂಗಳಾದ ಆ ಜನರಲ್ಲಿ ಅನೇಕರು ಟಿಕೆಟ್ ಹಣವನ್ನು ಸ್ವಂತ ಕೈಯಿಂದ ಕೊಟ್ಟರು. ಮೇ 28ರಂದು ಸರ್ವೋಚ್ಚ ನ್ಯಾಯಾಲಯ ವಲಸೆ ಕಾರ್ಮಿಕರಿಂದ ರೈಲಿಗಾಗಲಿ ಬಸ್ಸಿಗಾಗಲಿ ದರ ವಸೂಲಿ ಮಾಡಕೂಡದು, ರೈಲಿನ ದರವನ್ನು ರಾಜ್ಯಗಳು ಭರಿಸಬೇಕು ಎಂದು ಆದೇಶಿಸಿತು. ಅಷ್ಟರಲ್ಲಿ ಬಹಳ ಜನ ಹೊರಟುಹೋಗಿದ್ದರು.

2020ರ ವೃತ್ತಿ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯಿದೆಯ ಜಾಗದಲ್ಲಿ ನಿಂತಿದೆ. ಅದರ 61ನೆಯ ಕಲಮಿನಂತೆ ಮಾಲೀಕರು ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಊರಿಗೆ ಹೋಗಿ ಬರುವ ದರವನ್ನು ವರ್ಷಕ್ಕೊಮ್ಮೆ ಒಟ್ಟು ಮೊತ್ತವಾಗಿ ಕೊಡಬೇಕು; ಎಷ್ಟು ಸೇವೆಯಾದವರಿಗೆ, ಯಾವ ದರ್ಜೆಯಲ್ಲಿ ಎಂಬುದನ್ನು ನಿಯಮಗಳು ಹೇಳುತ್ತವೆ. ಗುತ್ತಿಗೆದಾರನಿಲ್ಲದೆ ತಾನಾಗಿಯೇ ಬಂದವನೂ, ತಿಂಗಳ ಕೂಲಿ 18,000 ರೂಪಾಯಿ ಮೀರದಿದ್ದರೆ, ಈಗ ಇದರೊಳಗೆ ಬರುತ್ತಾನೆ. ಹಳೆಯ ಕಾನೂನಿನಂತೆ ಇದೂ ಕಪಾಟಿನಲ್ಲಿ ಉಳಿಯುತ್ತದೆಯೋ ಎಂಬುದು ಲೆಕ್ಕದ ಪುಸ್ತಕ ಬರೆಯುವವರ ಮೇಲೆ ನಿಂತಿದೆ. ನಾಳೆ ಆ ಪುಸ್ತಕ ಬರೆಯುವವರು ನೀವೇ ಇರಬಹುದು.

ಹೇಗೆ ಕೇಳಬೇಕು?

ಹೊರಡುವ ಮೊದಲು, ಎಲ್ಲರೆದುರು, ಸಹಜವಾಗಿ ಕೇಳಿ. "ಸಾರ್, ದುಡ್ಡು ಕೊಡ್ತೀರಾ?" ಎಂಬುದಕ್ಕಿಂತ, "ಸಾರ್, ನಾಳೆ ಹೋಗಿ ಬರುವ ಖರ್ಚನ್ನು ಯಾರ ಹತ್ತಿರ ಬರೆಸಬೇಕು?" ಎಂದು ಕೇಳಿದರೆ ಹೇಳುವವರಿಗೂ ಸುಲಭ. ಕೈಯಲ್ಲಿ ಹಣವಿಲ್ಲದಿದ್ದರೆ ಮುಂಗಡ ಕೇಳಿ, ಅದರಲ್ಲಿ ಅವಮಾನವಿಲ್ಲ. ಟಿಕೆಟ್ಟನ್ನು, ಆಟೊಗೆ ಯು.ಪಿ.ಐ.ನಲ್ಲಿ ಕೊಟ್ಟ ದಾಖಲೆಯನ್ನು ಇಟ್ಟುಕೊಳ್ಳಿ. ಬಂದ ದಿನವೇ ಹೀಗೊಂದು ಚೀಟಿ ಬರೆದುಕೊಡಿ:

ದಿನಾಂಕ. ಪೀಣ್ಯದಿಂದ ಬೊಮ್ಮಸಂದ್ರಕ್ಕೆ, ಹಿಂದಕ್ಕೆ. ಕೆಲಸ: ಸ್ಯಾಂಪಲ್ ತಲುಪಿಸಿದ್ದು. ಕಳುಹಿಸಿದವರು: (ಹೆಸರು). ಮೆಟ್ರೊ 85.50 × 2 = 171.00. ಆಟೊ 50 × 2 = 100.00. ಒಟ್ಟು ರೂ. 271.00. ಸಹಿ.

ಪೀಣ್ಯದ ಸಣ್ಣ ಶೆಡ್ಡಿನಲ್ಲಾದರೆ ಮಾಲೀಕರು ಮೇಜಿನ ಡ್ರಾಯರ್ ಎಳೆದು ಅಲ್ಲೇ ಕೊಟ್ಟಾರು. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯಲ್ಲಾದರೆ ಕಂಪ್ಯೂಟರಿನಲ್ಲಿ ತುಂಬಿಸಿ ತಿಂಗಳ ಕೊನೆಯವರೆಗೆ ಕಾಯಬೇಕಾದೀತು. ಎಲ್ಲಿಯಾದರೂ ಚೀಟಿಯ ಒಂದು ಪ್ರತಿ ನಿಮ್ಮಲ್ಲಿರಲಿ. "ಇಲ್ಲ" ಎಂದರೆ ಕಾರಣ ಕೇಳಿ ತಿಳಿದುಕೊಳ್ಳಿ, ಜಗಳ ಬೇಡ. ಮುಂದಿನ ಸಲ ಕಳುಹಿಸುವಾಗ ಮೊದಲೇ ಇತ್ಯರ್ಥವಾಗಲಿ. ಒಂದು ಸಲದ ಹಣ ಹೋದರೂ, ಕೇಳುವ ರೂಢಿ ಉಳಿಯಬೇಕು.

ಸಂದರ್ಶನಕ್ಕೆ ಹೋಗುವ ಮಾತು ಬೇರೆ. ಆಗ ನೀವಿನ್ನೂ ನೌಕರರಲ್ಲ. ಕೆಲವು ಸರ್ಕಾರಿ ಸಂಸ್ಥೆಗಳು ರೈಲಿನ ಎರಡನೆಯ ದರ್ಜೆಯ ದರ ಕೊಡುವುದುಂಟು. ಕರೆಪತ್ರದಲ್ಲಿ ಆ ಮಾತು ಇದ್ದರೆ ಟಿಕೆಟ್ ಜೋಪಾನವಾಗಿಡಿ, ಇಲ್ಲದಿದ್ದರೆ ಸಿಗುವುದಿಲ್ಲ ಎಂದುಕೊಂಡೇ ಹೊರಡಿ.

ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಮುಂದೆ ಮೇಲ್ವಿಚಾರಕರಾಗುತ್ತೀರಿ, ಮಾಲೀಕರೂ ಆಗುತ್ತೀರಿ. ಆಗ ಹೊಸ ಹುಡುಗನನ್ನೋ ಹುಡುಗಿಯನ್ನೋ ಕರೆದು "ಹೋಗಿ ಬಾ" ಎನ್ನುವಾಗ, ಅದೇ ಉಸಿರಿನಲ್ಲಿ "ಖರ್ಚಿಗೆ ಇದನ್ನಿಟ್ಟುಕೋ, ಬಂದು ಲೆಕ್ಕ ಕೊಡು" ಎನ್ನಿ. ಅವರಿಗೆ ಸಂಕೋಚ ಪಡುವ ಸಂದರ್ಭವೇ ಬರುವುದಿಲ್ಲ.

ಮಾಡಿ ನೋಡಿ: ನಿಮ್ಮ ಮನೆಯಲ್ಲಿ ದುಡಿಯುವವರೊಬ್ಬರನ್ನು, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಕೆಲಸದ ಮೇಲೆ ಬೇರೆ ಕಡೆಗೆ ಹೋಗಿದ್ದರು, ಅದಕ್ಕೆ ತಗುಲಿದ ಹಣದಲ್ಲಿ ಎಷ್ಟು ಹಿಂದಕ್ಕೆ ಬಂತು ಎಂದು ಕೇಳಿ ಒಂದು ಪಟ್ಟಿ ಮಾಡಿ. ಬಾರದೆ ಉಳಿದ ಹಣವನ್ನು ಅವರ ಒಂದು ದಿನದ ದುಡಿಮೆಯಿಂದ ಭಾಗಿಸಿ. ವರ್ಷಕ್ಕೆ ಎಷ್ಟು ದಿನ ಅವರು ಸಂಬಳವಿಲ್ಲದೆ ದುಡಿದರೆಂಬುದು ಗೊತ್ತಾಗುತ್ತದೆ.